ಪಿಎಚ್.ಡಿ. ಮುಗಿದ ಮೇಲೆ ಮುಂದೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪೋಸ್ಟ್ ಡಾಕ್ಟರಲ್ ಸಂಶೋಧನೆಯ ಅವಕಾಶಗಳು

ಪಿಎಚ್.ಡಿ. ಮುಗಿಸಿದ ಮಗನೋ ಮಗಳೋ "ಪೋಸ್ಟ್ ಡಾಕ್ ಸಿಕ್ಕಿತು" ಎಂದು ಊರಿಗೆ ಫೋನ್ ಮಾಡಿದಾಗ ಮನೆಯವರಿಗೆ ಮೊದಲು ಹುಟ್ಟುವ ಪ್ರಶ್ನೆ, ಇದು ಕೆಲಸವೋ ಅಥವಾ ಇನ್ನೊಂದು ಓದೋ ಎಂಬುದು. ಪ್ರಶ್ನೆ ಸರಿಯಾದದ್ದೇ. ಪೋಸ್ಟ್ ಡಾಕ್ಟರಲ್ ಸಂಶೋಧನೆ ಎಂದರೆ ಡಾಕ್ಟರೇಟ್ ಪಡೆದ ನಂತರ ಇನ್ನೊಬ್ಬ ಹಿರಿಯ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಒಂದರಿಂದ ಮೂರು ವರ್ಷ ಸಂಬಳ ಪಡೆದು ಮಾಡುವ ಸಂಶೋಧನೆ. ಇದಕ್ಕೆ ಪರೀಕ್ಷೆಯಿಲ್ಲ, ಹೊಸ ಪದವಿಯೂ ಬರುವುದಿಲ್ಲ. ಹಾಗಾಗಿ ಇದು ಓದಲ್ಲ, ಕೆಲಸ. ಆದರೆ ಮುಗಿಯುವ ದಿನಾಂಕವನ್ನು ಆರಂಭದಲ್ಲೇ ಬರೆದಿಟ್ಟಿರುವ ಕೆಲಸ. ಪಿಂಚಣಿ, ವಾರ್ಷಿಕ ಬಡ್ತಿ, ಖಾಯಂ ಆಗುವ ಭರವಸೆ ಯಾವುದೂ ಇದರಲ್ಲಿಲ್ಲ.

ಗಡಿನಾಡಿನ ಅಭ್ಯರ್ಥಿಗಳು ಇದರಲ್ಲಿ ಹಿಂದೆ ಬೀಳುವುದಕ್ಕೆ ಒಂದು ಮುಖ್ಯ ಕಾರಣವಿದೆ. ಶಿಕ್ಷಕರ ಹುದ್ದೆ, ಬ್ಯಾಂಕ್, ರೈಲ್ವೆ, ಪಿಎಸ್‌ಸಿ ಎಲ್ಲದಕ್ಕೂ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಅರ್ಜಿ ಹಾಕಿ ಕಾಯುವುದು ರೂಢಿ. ಪೋಸ್ಟ್ ಡಾಕ್ ಹುದ್ದೆಗಳಲ್ಲಿ ಬಹಳಷ್ಟು ಹಾಗೆ ತುಂಬುವುದಿಲ್ಲ. ಅಭ್ಯರ್ಥಿಯೇ ಒಬ್ಬ ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆದು ಶುರುಮಾಡಬೇಕು. ಪ್ರಕಟಣೆಗಾಗಿ ಕಾದು ಕೂತವರ ಎರಡು ವರ್ಷ ಸುಮ್ಮನೆ ಕಳೆದುಹೋಗುವುದುಂಟು.

ಟಾಟಾ ಇನ್‌ಸ್ಟಿಟ್ಯೂಟ್

ಗಡಿಯ ಹೆಚ್ಚಿನ ಕನ್ನಡ ಊರುಗಳಿಂದ ರಾತ್ರಿ ಬಸ್ಸಿನಲ್ಲಿ ತಲುಪಬಹುದಾದ ಅತಿ ದೊಡ್ಡ ವಿಜ್ಞಾನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನ ಹಳಬರು ಇದನ್ನು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಜೆಮ್‌ಶೆಡ್‌ಜಿ ಟಾಟಾ ಅವರ ಕನಸಿನಂತೆ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ಇದು 1909ರಲ್ಲಿ ಸ್ಥಾಪನೆಯಾಯಿತು. ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಸರ್ ಸಿ.ವಿ. ರಾಮನ್ 1933ರಲ್ಲಿ ಇದರ ಮೊದಲ ಭಾರತೀಯ ನಿರ್ದೇಶಕರಾದರು. 1958ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. 2018ರಲ್ಲಿ ಕೇಂದ್ರ ಸರ್ಕಾರ ಇದನ್ನು 'ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್' ಎಂದು ಘೋಷಿಸಿತು. ಈ ಕೊನೆಯ ಘೋಷಣೆಯಿಂದ ಪೋಸ್ಟ್ ಡಾಕ್‌ಗಳಿಗೆ ನೇರ ಪ್ರಯೋಜನವಾಯಿತು. ಆ ಹಣದಿಂದಲೇ ಸಿ.ವಿ. ರಾಮನ್ ಹೆಸರಿನ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಆರಂಭವಾಯಿತು.

ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ, ಜೀವವಿಜ್ಞಾನ, ಎಂಜಿನಿಯರಿಂಗ್ ಎಲ್ಲ ಸೇರಿ 40ಕ್ಕೂ ಹೆಚ್ಚು ವಿಭಾಗಗಳಿವೆ. ಎಲ್ಲವೂ ಗಾಜಿನ ನಳಿಕೆ, ಯಂತ್ರಗಳ ಕೆಲಸವಲ್ಲ. ಪರಿಸರ ವಿಜ್ಞಾನ ಕೇಂದ್ರದವರ ಪ್ರಯೋಗಾಲಯ ಎಂದರೆ ಕಾಡೇ. ನೀಲಗಿರಿಯ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರ್ ಜಾಗದ ಪ್ರತಿಯೊಂದು ಮರಕ್ಕೂ ನಂಬರ್ ಹಾಕಿ 1988ರಿಂದ ಅಧ್ಯಯನ ನಡೆಯುತ್ತಿದೆ. ಆನೆಗಳ ಅಧ್ಯಯನಕ್ಕೆ ಹೆಸರಾದ ಪ್ರೊ. ರಾಮನ್ ಸುಕುಮಾರ್ ಇದನ್ನು ಆರಂಭಿಸಿದವರು. ಗುಡಲೂರು, ಮಸಿನಗುಡಿ ಕಡೆಯವರಿಗೆ ಆ ನಂಬರ್ ಹಾಕಿದ ಮರಗಳು ಅಪರಿಚಿತವಲ್ಲ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ ಸಂಸ್ಥೆಗೆ ಸುಮಾರು 1,500 ಎಕರೆಯ ಎರಡನೇ ಆವರಣವಿದೆ. ರಾಯದುರ್ಗದವರಿಗೆ ಇದು ಬೆಂಗಳೂರಿಗಿಂತ ಬಹಳ ಹತ್ತಿರ. ಆದರೆ ಅಲ್ಲಿ ಹೆಚ್ಚು ಹೆಸರಾಗಿರುವುದು ಶಿಕ್ಷಕರ ತರಬೇತಿ. ಸಂಶೋಧನೆಯ ಬಹುಭಾಗ ಬೆಂಗಳೂರಿನಲ್ಲೇ.

ಒಳಗೆ ಹೋಗಲು ಮೂರು ಬಾಗಿಲು

ಮೊದಲನೆಯದು ಪ್ರಾಧ್ಯಾಪಕರ ಯೋಜನೆ. ಒಬ್ಬ ಪ್ರಾಧ್ಯಾಪಕರಿಗೆ ಕೇಂದ್ರದ ಯಾವುದೋ ಇಲಾಖೆಯಿಂದ ಸಂಶೋಧನಾ ಯೋಜನೆ ಮಂಜೂರಾದಾಗ ಅದರಲ್ಲಿ ರಿಸರ್ಚ್ ಅಸೋಸಿಯೇಟ್ ಹುದ್ದೆಯೂ ಸೇರಿರುತ್ತದೆ. ಆಯ್ಕೆ ಬಹಳ ಮಟ್ಟಿಗೆ ಅದೇ ಪ್ರಾಧ್ಯಾಪಕರ ಕೈಯಲ್ಲಿ. ಬೇಗ ಸಿಗುವ ದಾರಿ ಇದು, ಬೇಗ ಮುಗಿಯುವುದೂ ಇದೇ. ಯೋಜನೆ ಮುಗಿಯುವ ದಿನವೇ ಹುದ್ದೆಯೂ ಮುಗಿಯುತ್ತದೆ. ಮೂರು ವರ್ಷದ ಯೋಜನೆಗೆ ಎರಡನೇ ವರ್ಷದ ಕೊನೆಯಲ್ಲಿ ಸೇರಿದವರಿಗೆ ಉಳಿಯುವುದು ಒಂದೇ ವರ್ಷ. ಸೇರುವ ಮೊದಲು "ಯೋಜನೆಯಲ್ಲಿ ಇನ್ನೆಷ್ಟು ತಿಂಗಳು ಬಾಕಿ ಇದೆ" ಎಂದು ಕೇಳುವುದು ಅಗೌರವವಲ್ಲ. ಕೇಳದೆ ಬಂದು ಆಮೇಲೆ ಪರದಾಡುವವರೇ ಹೆಚ್ಚು.

ಎರಡನೆಯದು ಸಂಸ್ಥೆಯದೇ ಫೆಲೋಶಿಪ್. ಮೇಲೆ ಹೇಳಿದ ಸಿ.ವಿ. ರಾಮನ್ ಫೆಲೋಶಿಪ್ ಈ ಬಗೆಯದು. ಇಲ್ಲಿ ಸ್ಪರ್ಧೆ ಜಾಸ್ತಿ, ವಿದೇಶದಲ್ಲಿ ಓದಿದವರೂ ಅರ್ಜಿ ಹಾಕುತ್ತಾರೆ. ಸಂಸ್ಥೆಯ ಒಬ್ಬ ಪ್ರಾಧ್ಯಾಪಕರು "ಇವರು ನಮ್ಮ ಲ್ಯಾಬಿಗೆ ಬರಲಿ" ಎಂದು ಮೊದಲೇ ಒಪ್ಪಿರಬೇಕಾಗುತ್ತದೆ. ಅಂದರೆ ಇಲ್ಲಿಯೂ ಪತ್ರವೇ ಮೊದಲು, ಅರ್ಜಿ ಆಮೇಲೆ.

ಮೂರನೆಯದು ರಾಷ್ಟ್ರೀಯ ಫೆಲೋಶಿಪ್. ಇದರಲ್ಲಿ ಹಣ ಅಭ್ಯರ್ಥಿಯ ಹೆಸರಿನಲ್ಲೇ ಮಂಜೂರಾಗುತ್ತದೆ. ಪ್ರಾಧ್ಯಾಪಕರಿಗೆ ಖರ್ಚಿಲ್ಲ, ಆದ್ದರಿಂದ ಸ್ವಾಗತವೂ ಜಾಸ್ತಿ. ವಿಜ್ಞಾನದಲ್ಲಿ ಹೆಚ್ಚು ಜನ ಅರ್ಜಿ ಹಾಕುವುದು ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ. ಇದನ್ನು ಮೊದಲು ನಡೆಸುತ್ತಿದ್ದುದು ಸರ್ಬ್ ಎಂಬ ಮಂಡಳಿ. 2023ರ ಕಾಯ್ದೆಯ ಪ್ರಕಾರ ಅದರ ಜಾಗಕ್ಕೆ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ ಬಂದಿದೆ. ಸರ್ಬ್ ಕಾಲದಲ್ಲಿ ಅವಧಿ 2 ವರ್ಷ, ತಿಂಗಳಿಗೆ 55,000 ರೂ., ಸಂಶೋಧನೆಯ ಖರ್ಚಿಗೆ ವರ್ಷಕ್ಕೆ 2 ಲಕ್ಷ ರೂ. ಇತ್ತು. ವಯೋಮಿತಿ 35 ವರ್ಷ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಅಂಗವಿಕಲರಿಗೆ 5 ವರ್ಷ ಸಡಿಲಿಕೆ. ಪ್ರಬಂಧ ಸಲ್ಲಿಸಿ ಪದವಿಗಾಗಿ ಕಾಯುತ್ತಿರುವವರೂ ಅರ್ಜಿ ಹಾಕಬಹುದಾಗಿತ್ತು, ಪದವಿ ಕೈಗೆ ಬರುವವರೆಗೆ 35,000 ರೂ. ಕೊಡುತ್ತಿದ್ದರು. ಒಬ್ಬ ಮಾರ್ಗದರ್ಶಕರ ಬಳಿ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಫೆಲೋಗಳಿರುವಂತಿರಲಿಲ್ಲ. ಹೊಸ ಸಂಸ್ಥೆ ಪ್ರತಿ ಸಲದ ಕರೆಯಲ್ಲಿ ತನ್ನ ಷರತ್ತು ಪ್ರಕಟಿಸುತ್ತದೆ. ಅರ್ಜಿ ಹಾಕುವವರು ಹಳೆಯ ಅಂಕಿಗಳನ್ನು ನೆಚ್ಚದೆ ಆಯಾ ಕರೆಯನ್ನೇ ಓದಿಕೊಳ್ಳಬೇಕು.

ಜೀವವಿಜ್ಞಾನದವರಿಗೆ ಬಯೋಟೆಕ್ನಾಲಜಿ ಇಲಾಖೆಯ ರಿಸರ್ಚ್ ಅಸೋಸಿಯೇಟ್‌ಶಿಪ್, ಎಲ್ಲ ವಿಜ್ಞಾನ ವಿಷಯದವರಿಗೆ ಸಿಎಸ್‌ಐಆರ್ ಅಸೋಸಿಯೇಟ್‌ಶಿಪ್ ಇವೆ. ಯುಜಿಸಿ 2022ರ ಶಿಕ್ಷಕರ ದಿನದಂದು ಡಾ. ರಾಧಾಕೃಷ್ಣನ್ ಹೆಸರಿನ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಪ್ರಕಟಿಸಿತು. ಅದಕ್ಕಿಂತ ಮೊದಲು ಯುಜಿಸಿಯ ಡಿ.ಎಸ್. ಕೊಠಾರಿ ಪೋಸ್ಟ್ ಡಾಕ್ ಫೆಲೋಶಿಪ್ ಇತ್ತು. ಹಳೆಯ ವಿದ್ಯಾರ್ಥಿಗಳು ಈಗಲೂ ಆ ಹೆಸರನ್ನೇ ಹೇಳುತ್ತಾರೆ, ಆದರೆ ಈಗ ಕೊಠಾರಿಯವರ ಹೆಸರಿನಲ್ಲಿರುವುದು ಹೊಸದಾಗಿ ನೇಮಕವಾದ ಅಧ್ಯಾಪಕರಿಗೆ ಕೊಡುವ ಸಂಶೋಧನಾ ಅನುದಾನ. ಮದುವೆ, ಹೆರಿಗೆಯ ಕಾರಣಕ್ಕೆ ಸಂಶೋಧನೆ ಬಿಟ್ಟ ಮಹಿಳೆಯರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಪ್ರತ್ಯೇಕ ಯೋಜನೆ ಇದೆ, ಈಗ ಅದರ ಹೆಸರು ವೈಸ್. ಇದರಲ್ಲಿ ವಯಸ್ಸಿನ ಮಿತಿ ಉಳಿದವುಗಳಷ್ಟು ಬಿಗಿಯಿಲ್ಲ. ಹಳ್ಳಿಗೆ ಮರಳಿ ಸಂಸಾರದಲ್ಲಿರುವ ಪಿಎಚ್.ಡಿ. ಪದವೀಧರೆಯರಲ್ಲಿ ಇದರ ಸುದ್ದಿ ತಿಳಿದವರು ತೀರ ಕಡಿಮೆ ಎಂಬುದು ಬೇಸರದ ವಿಷಯ.

ಸಂಬಳದ ಲೆಕ್ಕ

ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಸಂಬಳಕ್ಕೆ ಮೂರು ಹಂತಗಳಿವೆ. 2014ರಲ್ಲಿ ಮೊದಲ ಹಂತಕ್ಕೆ ತಿಂಗಳಿಗೆ 36,000 ರೂ. ಇತ್ತು. 2019ರ ಜನವರಿಯಿಂದ ಅದು 47,000 ಆಯಿತು. 2023ರ ಜನವರಿ 1ರಿಂದ ಅನ್ವಯವಾಗುವಂತೆ ಮೊದಲ ಹಂತಕ್ಕೆ 58,000, ಎರಡನೆಯದಕ್ಕೆ 61,000, ಮೂರನೆಯದಕ್ಕೆ 67,000 ರೂ. ಎಂದು ನಿಗದಿಯಾಯಿತು. ಒಂದು ಏರಿಕೆಗೂ ಇನ್ನೊಂದಕ್ಕೂ ನಡುವೆ ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಕೆಲವೊಮ್ಮೆ ಬೀದಿಗಿಳಿದು ಪ್ರತಿಭಟನೆ ಮಾಡಿದ ಮೇಲೆ. ತುಟ್ಟಿಭತ್ಯೆ ಇಲ್ಲ. ಮನೆ ಬಾಡಿಗೆ ಭತ್ಯೆ ಮಾತ್ರ ಕೇಂದ್ರ ಸರ್ಕಾರದ ದರದಂತೆ ಸಿಗುತ್ತದೆ. ಬೆಂಗಳೂರು ಎಕ್ಸ್ ವರ್ಗದ ನಗರವಾದ್ದರಿಂದ 2024ರಿಂದ ಅದು ಶೇ. 30. ಅಂದರೆ 58,000ಕ್ಕೆ 17,400 ಸೇರಿ 75,400 ರೂ. ಸಂಸ್ಥೆಯ ವಸತಿಯಲ್ಲಿ ಇದ್ದರೆ ಈ ಭತ್ಯೆ ಸಿಗುವುದಿಲ್ಲ. ಅದೇ ಹುದ್ದೆ ಕಾಸರಗೋಡಿನಂಥ ಸಣ್ಣ ಪಟ್ಟಣದಲ್ಲಿದ್ದರೆ ಭತ್ಯೆ ಶೇ. 10 ಮಾತ್ರ. ಆದರೆ ಖರ್ಚು ಲೆಕ್ಕ ಹಾಕಿದರೆ ಊರಿನ ಹತ್ತಿರ ಇರುವವರ ಕೈಯಲ್ಲೇ ಹೆಚ್ಚು ಉಳಿದೀತು.

ಕಾಗದದ ಮೇಲಿನ ಸಂಬಳ ಪ್ರತಿ ತಿಂಗಳು ಬ್ಯಾಂಕಿಗೆ ಬರುತ್ತದೆ ಎಂದು ನಂಬಿ ಸಾಲದ ಕಂತು ಕಟ್ಟಿಕೊಳ್ಳಬಾರದು. ಯೋಜನೆಯ ಹಣ ವರ್ಷಕ್ಕೊಮ್ಮೆ ಬಿಡುಗಡೆಯಾಗುವುದು ಸಾಮಾನ್ಯ. ಹಿಂದಿನ ವರ್ಷದ ಹಣ ಹೇಗೆ ಖರ್ಚಾಯಿತು ಎಂಬ ಬಳಕೆ ಪ್ರಮಾಣಪತ್ರ ದೆಹಲಿಗೆ ತಲುಪಿ, ಅಲ್ಲಿ ಕಡತ ಸರಿದ ಮೇಲೆ ಮುಂದಿನ ಕಂತು. ಅಲ್ಲಿಯವರೆಗೆ ಸಂಬಳ ನಿಲ್ಲುವುದು ದೇಶದ ಎಲ್ಲ ಕಡೆ ಕೇಳಿಬರುವ ದೂರು. ಒಳ್ಳೆಯ ಸಂಸ್ಥೆಗಳು ತಮ್ಮ ಕೈಯಿಂದ ಮುಂಗಡ ಕೊಟ್ಟು ಸರಿದೂಗಿಸುತ್ತವೆ, ಎಲ್ಲೆಡೆ ಹಾಗಾಗುವುದಿಲ್ಲ. ಮೂರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿಟ್ಟುಕೊಂಡು ಹೋಗುವುದು ಬುದ್ಧಿವಂತಿಕೆ. ಹೆರಿಗೆ ರಜೆಗೆ ಮಾತ್ರ ಕೇಂದ್ರದ ಸ್ಪಷ್ಟ ಆದೇಶವಿದೆ. ತಾತ್ಕಾಲಿಕ ಹುದ್ದೆ ಎಂಬ ಕಾರಣ ಹೇಳಿ ಅದನ್ನು ನಿರಾಕರಿಸುವಂತಿಲ್ಲ.

ಪತ್ರ ಬರೆಯುವ ಬಗೆ

ಪ್ರಾಧ್ಯಾಪಕರಿಗೆ ದಿನವೂ ಇಂಥ ಇ-ಮೇಲ್‌ಗಳು ಬರುತ್ತವೆ. "ತಮ್ಮ ಘನತೆವೆತ್ತ ಪ್ರಯೋಗಾಲಯದಲ್ಲಿ ಅವಕಾಶ ದಯಪಾಲಿಸಬೇಕು" ಎಂಬ ಒಂದೇ ಪತ್ರವನ್ನು ನಲವತ್ತು ಜನರಿಗೆ ಕಳಿಸಿದರೆ ನಲವತ್ತೂ ಜನ ಅಳಿಸಿಹಾಕುತ್ತಾರೆ. ಹೆಸರು ಬದಲಿಸಲು ಮರೆತು ಒಬ್ಬರ ಹೆಸರಿನ ಪತ್ರ ಇನ್ನೊಬ್ಬರಿಗೆ ಹೋಗುವುದೂ ಉಂಟು. ಐದು ಜನರನ್ನು ಆರಿಸಿ, ಅವರ ಈಚಿನ ಎರಡು ಮೂರು ಪ್ರಬಂಧಗಳನ್ನು ನಿಜವಾಗಿಯೂ ಓದಿ, ಒಬ್ಬೊಬ್ಬರಿಗೆ ಬೇರೆ ಬೇರೆ ಪತ್ರ ಬರೆಯುವುದು ಫಲ ಕೊಡುವ ವಿಧಾನ. ಸಿಬ್ಬಂದಿ ಪುಟದಲ್ಲಿ ಎಲ್ಲರ ವಿಳಾಸವೂ ಇರುತ್ತದೆ.

ಪತ್ರ ಇಂಗ್ಲಿಷಿನಲ್ಲಿ ಒಂದು ಪುಟ ಮೀರಬಾರದು. ಪಿಎಚ್.ಡಿ.ಯಲ್ಲಿ ಯಾವ ಪ್ರಶ್ನೆಗೆ ಉತ್ತರ ಹುಡುಕಿದ್ದು, ಏನು ಸಿಕ್ಕಿತು ಎಂಬುದು ಮೊದಲ ಮೂರು ನಾಲ್ಕು ಸಾಲಿನಲ್ಲೇ ಬರಬೇಕು. ಕೈಯಲ್ಲಿರುವ ಕೌಶಲ ಯಾವುದು, ಆ ಲ್ಯಾಬಿನ ಯಾವ ಕೆಲಸಕ್ಕೆ ಅದು ಹೊಂದುತ್ತದೆ, ಯಾವ ತಿಂಗಳಿನಿಂದ ಸೇರಬಹುದು, ಸ್ವಂತ ಫೆಲೋಶಿಪ್‌ಗೆ ಅರ್ಜಿ ಹಾಕಲು ಸಿದ್ಧವಿದೆಯೇ ಎಂಬುದು ನಂತರ. ಕೊನೆಯ ಮಾತು ಬಹಳ ಮುಖ್ಯ. ಹಣವಿಲ್ಲದ ಪ್ರಾಧ್ಯಾಪಕರೂ ಅದನ್ನು ಓದಿ ಉತ್ತರಿಸುತ್ತಾರೆ. ಶಿಫಾರಸು ಪತ್ರ ಕೊಡಬಲ್ಲ ಮೂವರ ಹೆಸರು ಬೇಕು. ಪಿಎಚ್.ಡಿ. ಮಾರ್ಗದರ್ಶಕರು ಅದರಲ್ಲಿ ಒಬ್ಬರಾಗಿರಲೇಬೇಕು, ಅವರ ಹೆಸರಿಲ್ಲದಿದ್ದರೆ "ಯಾಕೆ" ಎಂಬ ಪ್ರಶ್ನೆ ಏಳುತ್ತದೆ. ಹಣ ಕೊಟ್ಟು ಪ್ರಕಟಿಸುವ ನಕಲಿ ಜರ್ನಲ್‌ಗಳ ಹತ್ತು ಪ್ರಬಂಧಕ್ಕಿಂತ ಒಳ್ಳೆಯ ಜರ್ನಲ್‌ನ ಒಂದು ಪ್ರಬಂಧಕ್ಕೆ ಬೆಲೆ. ನಕಲಿಯವನ್ನು ಪಟ್ಟಿಯಲ್ಲಿ ಸೇರಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಂದು ನೆನಪೋಲೆ ಕಳಿಸಬಹುದು. ಉತ್ತರ ಬಂದರೆ ಆನ್‌ಲೈನ್ ಮಾತುಕತೆ, ನಂತರ ಲ್ಯಾಬಿನವರ ಮುಂದೆ ಒಂದು ಗಂಟೆಯ ಸೆಮಿನಾರ್. ಇದು ಇಂಗ್ಲಿಷಿನಲ್ಲೇ ನಡೆಯುತ್ತದೆ. ಕನ್ನಡ, ಮಲಯಾಳ, ಮರಾಠಿ ಅಥವಾ ತೆಲುಗು ಮಾಧ್ಯಮದಲ್ಲಿ ಓದಿಬಂದವರಿಗೆ ಅಳುಕು ಸಹಜ. ಆದರೆ ಲ್ಯಾಬಿನಲ್ಲಿ ಕುಳಿತವರಲ್ಲಿ ಬಂಗಾಳದವರು, ಒಡಿಶಾದವರು, ತಮಿಳರು ಇರುತ್ತಾರೆ, ಅವರದ್ದೂ ಕಲಿತ ಇಂಗ್ಲಿಷೇ. ನೋಡುವುದು ಉಚ್ಚಾರಣೆಯನ್ನಲ್ಲ, ಪ್ರಶ್ನೆ ಕೇಳಿದಾಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯವಿದೆಯೇ ಎಂಬುದನ್ನು. ಕಾಡು, ಕೆರೆ, ಹೊಲಗಳಲ್ಲಿ ನಡೆಯುವ ಸಂಶೋಧನೆಯಲ್ಲಂತೂ ಎರಡು ಮೂರು ಭಾಷೆ ಬರುವ ಗಡಿನಾಡಿನವರಿಗೆ ಅನುಕೂಲವೇ ಜಾಸ್ತಿ. ರೈತನೊಡನೆ ಅವನ ಭಾಷೆಯಲ್ಲೇ ಮಾತಾಡಬಲ್ಲ ವಿಜ್ಞಾನಿ ಯೋಜನೆಗೆ ಬೇಕು. ಇದನ್ನು ಪತ್ರದಲ್ಲಿ ಬರೆಯಲು ಸಂಕೋಚ ಬೇಡ.

ಆಯ್ಕೆಯಾದವರು ಸೇರುವ ಮೊದಲು ಆ ಲ್ಯಾಬಿನ ಹಿಂದಿನ ಪೋಸ್ಟ್ ಡಾಕ್‌ಗಳು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿಕೊಳ್ಳಬೇಕು. ಹೆಣ್ಣು ಕೊಡುವಾಗ ವಿಚಾರಿಸುವಷ್ಟೇ ಕಾಳಜಿಯಿಂದ ವಿಚಾರಿಸಿದರೂ ತಪ್ಪಿಲ್ಲ. ಹುದ್ದೆ ಕೊಡಿಸುತ್ತೇವೆ ಎಂದು ಹಣ ಕೇಳುವ ಮಧ್ಯವರ್ತಿ ಯಾರೇ ಆಗಿರಲಿ, ಅದು ಮೋಸ.

ವಯಸ್ಸು ಮತ್ತು ಪ್ರಮಾಣಪತ್ರ

ಗಡಿ ಭಾಗದ ಅಭ್ಯರ್ಥಿಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲಿ. ಸಿಇಟಿಯಲ್ಲಿ ಇರುವಂತೆ ಹೊರನಾಡು, ಗಡಿನಾಡು ಕನ್ನಡಿಗರೆಂಬ ಪ್ರತ್ಯೇಕ ಅವಕಾಶ ಇಲ್ಲಿಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ಕೇಂದ್ರದ ಸಂಸ್ಥೆ, ಕೇಂದ್ರದ ಫೆಲೋಶಿಪ್‌ಗಳಿಗೆ ವಾಸಸ್ಥಳದ ಷರತ್ತಿಲ್ಲ. ಜತ್‌ನವರೂ ಬೆಂಗಳೂರಿನವರೂ ಒಂದೇ. ತೊಡಕು ಬರುವುದು ವಯಸ್ಸಿನ ಸಡಿಲಿಕೆ ಕೇಳುವಾಗ. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಹಿಂದುಳಿದ ವರ್ಗಗಳ ಕೇಂದ್ರ ಪಟ್ಟಿಯೂ ರಾಜ್ಯವಾರು. ಕರ್ನಾಟಕದಲ್ಲಿ ನಾಯಕ, ವಾಲ್ಮೀಕಿ ಸಮುದಾಯ ಪರಿಶಿಷ್ಟ ಪಂಗಡದಲ್ಲಿದೆ. ಗಡಿ ದಾಟಿ ಆದೋನಿ, ರಾಯದುರ್ಗಕ್ಕೆ ಹೋದರೆ ಅದೇ ವಾಲ್ಮೀಕಿ ಬೋಯರು ಹಿಂದುಳಿದ ವರ್ಗದವರು. ಬಳ್ಳಾರಿಯಲ್ಲಿರುವ ನೆಂಟರ ಪ್ರಮಾಣಪತ್ರ ನೋಡಿ ಅರ್ಜಿಯಲ್ಲಿ ಅದೇ ವರ್ಗ ಬರೆದರೆ ದಾಖಲೆ ಪರಿಶೀಲನೆಯ ದಿನ ಅರ್ಜಿಯೇ ಬಿದ್ದುಹೋಗುತ್ತದೆ. ಕುಟುಂಬ ಮೂಲತಃ ವಾಸವಿರುವ ರಾಜ್ಯದ ಪ್ರಮಾಣಪತ್ರವೇ ಬೇಕು. ಓದಿದ್ದು ಕರ್ನಾಟಕದಲ್ಲಿ ಎಂಬುದು ಲೆಕ್ಕಕ್ಕಿಲ್ಲ.

ಇನ್ನೊಂದು ತಪ್ಪು, ರಾಜ್ಯ ಸರ್ಕಾರದ ನಮೂನೆಯ ಪ್ರಮಾಣಪತ್ರವನ್ನೇ ಕಳಿಸುವುದು. ಕೇಂದ್ರದ ಕೆಲಸಕ್ಕೆ ಕೇಂದ್ರದ ನಮೂನೆಯೇ ಬೇರೆ, ಹಿಂದುಳಿದ ವರ್ಗದವರಿಗೆ ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆಯೂ ಅದರಲ್ಲಿರಬೇಕು. ಮಲಯಾಳ, ಮರಾಠಿ ಅಥವಾ ತಮಿಳಿನಲ್ಲಿ ಮಾತ್ರ ಇರುವ ಪತ್ರ ಬೆಂಗಳೂರಿನ ಕಚೇರಿಯಲ್ಲಿ ಓದುವವರಿಲ್ಲದೆ ಉಳಿಯುತ್ತದೆ. ಅರ್ಜಿಯ ಕೊನೆಯ ದಿನಕ್ಕೆ ಕಾಯದೆ ತಾಲೂಕು ಕಚೇರಿಗೆ ಮೊದಲೇ ಹೋಗುವುದು ಒಳ್ಳೆಯದು. ಹೆಸರಿನ ಇನಿಷಿಯಲ್ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮುಂದೆ, ಪದವಿಯಲ್ಲಿ ಹಿಂದೆ ಇರುವುದು ಗಡಿಯ ಶಾಲೆಗಳಲ್ಲಿ ಓದಿದವರಿಗೆ ಹೊಸತೇನಲ್ಲ. ಅದನ್ನೂ ಸರಿಪಡಿಸಿಕೊಳ್ಳಬೇಕು.

ವಯಸ್ಸಿನ ಲೆಕ್ಕ ಇನ್ನೂ ಕಠಿಣ. ಪಿಎಚ್.ಡಿ. ಮುಗಿಯುವಾಗ ಸಾಮಾನ್ಯವಾಗಿ 29ರಿಂದ 31 ವರ್ಷ. ಸಿಎಸ್‌ಐಆರ್ ಪ್ರಯೋಗಾಲಯಗಳ ವಿಜ್ಞಾನಿ ಹುದ್ದೆಗೆ ಸಾಮಾನ್ಯ ವಯೋಮಿತಿ 32. ಎರಡು ವರ್ಷ ಪೋಸ್ಟ್ ಡಾಕ್ ಮಾಡಿದರೆ ಸಡಿಲಿಕೆ ಇಲ್ಲದವರಿಗೆ ಆ ಬಾಗಿಲು ಮುಚ್ಚುತ್ತದೆ. 5 ವರ್ಷ ಅವಧಿಯ, ತಿಂಗಳಿಗೆ 1,25,000 ರೂ. ಕೊಡುವ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್‌ಗೂ ಸಾಮಾನ್ಯ ಮಿತಿ 32. ಆದ್ದರಿಂದ ಪೋಸ್ಟ್ ಡಾಕ್‌ಗೆ ಸೇರಿದ ಮೊದಲ ವರ್ಷದಲ್ಲೇ ಇವಕ್ಕೆ ಅರ್ಜಿ ಹಾಕುತ್ತಿರಬೇಕು, ಕೊನೆಯ ತಿಂಗಳಿನಲ್ಲಲ್ಲ. ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಯ ವಿಷಯ ಬೇರೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಗರಿಷ್ಠ ವಯಸ್ಸು ಹೇಳಿಲ್ಲ. ಸಂದರ್ಶನಕ್ಕೆ ಆರಿಸುವ ಅಂಕಪಟ್ಟಿಯಲ್ಲಿ ಪೋಸ್ಟ್ ಡಾಕ್‌ನ ಪ್ರತಿ ವರ್ಷಕ್ಕೆ ಪಾಠ ಮಾಡಿದ ವರ್ಷದಷ್ಟೇ, ಅಂದರೆ 2 ಅಂಕ, ಗರಿಷ್ಠ 10 ಅಂಕ ಇಟ್ಟಿದೆ. ಐಐಟಿಗಳಲ್ಲಿ ಪೂರ್ಣ ದರ್ಜೆಯ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ನಂತರ 3 ವರ್ಷದ ಅನುಭವ ಕೇಳುತ್ತಾರೆ. ಹೀಗಾಗಿ ಕಾಲೇಜು ಅಧ್ಯಾಪನ ಸಾಕು ಎನ್ನುವವರಿಗೆ ಪೋಸ್ಟ್ ಡಾಕ್ ಅನಿವಾರ್ಯವಲ್ಲ, ದೊಡ್ಡ ಸಂಶೋಧನಾ ಸಂಸ್ಥೆಯ ಕನಸಿರುವವರಿಗೆ ತಪ್ಪಿದ್ದಲ್ಲ. ಎರಡು ಪೋಸ್ಟ್ ಡಾಕ್ ಮುಗಿಸಿ 37ನೇ ವಯಸ್ಸಿನಲ್ಲಿ ಖಾಯಂ ಕೆಲಸವಿಲ್ಲದೆ ಊರಿಗೆ ಬಂದವರೂ ಇದ್ದಾರೆ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ ಹೇಳುವುದು ಅಭ್ಯರ್ಥಿಯ ಕರ್ತವ್ಯ.

ಊರಿಗೆ ಹತ್ತಿರದಲ್ಲಿ

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮೇಲೆ ಹೇಳಿದ ರಾಷ್ಟ್ರೀಯ ಫೆಲೋಶಿಪ್‌ಗಳನ್ನು ಬೇರೆ ವಿಶ್ವವಿದ್ಯಾಲಯಗಳಿಗೂ ಒಯ್ಯಬಹುದು. ಕಾಸರಗೋಡಿನ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ಅಕ್ಕಲಕೋಟೆಗೆ ಹತ್ತಿರದ ಆಳಂದ ತಾಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಎರಡೂ 2009ರಲ್ಲಿ ಆರಂಭವಾದವು. ತೆಲಂಗಾಣದ ಕಡೆಯವರಿಗೆ 1974ರ ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಇವೆ. ಜೋಳ, ತೊಗರಿ, ಶೇಂಗಾ ಬೆಳೆಗಳ ಸಂಶೋಧನೆಗೆ ಇಕ್ರಿಸ್ಯಾಟ್ ಜಗತ್ತಿನಲ್ಲೇ ಹೆಸರಾಗಿದೆ. ಗೋವಾದಲ್ಲಿ ಸಮುದ್ರ ವಿಜ್ಞಾನಕ್ಕೆ ದೋನಾ ಪಾವುಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಸೊಲ್ಲಾಪುರದಲ್ಲಿ ದಾಳಿಂಬೆ ಸಂಶೋಧನಾ ಕೇಂದ್ರ. ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ 1970ರಿಂದ ಗುಡ್ಡದ ಇಳಿಜಾರಿನಲ್ಲಿ ನಿಂತಿದೆ. ಅದೇ ಸಂಸ್ಥೆಯ ಕಾಸ್ಮಿಕ್ ಕಿರಣ ಪ್ರಯೋಗಾಲಯವೂ ಅಲ್ಲಿದೆ.

ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಯಿತು. ತೆಂಗು, ಅಡಿಕೆ, ಕೊಕ್ಕೊ ಇದರ ವಿಷಯ. ಇಂಥ ಕೃಷಿ ಸಂಸ್ಥೆಗಳು ಯೋಜನೆಯ ತಾತ್ಕಾಲಿಕ ಹುದ್ದೆಗಳಿಗೆ ವಾಕ್-ಇನ್ ಸಂದರ್ಶನ ನಡೆಸುವುದುಂಟು. ಪ್ರಕಟಣೆಗೂ ಸಂದರ್ಶನಕ್ಕೂ ನಡುವೆ ಕೆಲವೇ ದಿನ ಇರುವುದರಿಂದ ಸಂಸ್ಥೆಯ ಪುಟವನ್ನು ವಾರಕ್ಕೊಮ್ಮೆ ನೋಡುತ್ತಿರಬೇಕು. ಹೋಗುವಾಗ ಮೂಲ ದಾಖಲೆಗಳು, ಪ್ರಬಂಧದ ಒಂದು ಪ್ರತಿ, ಪದವಿ ಪತ್ರ ಇನ್ನೂ ಬಂದಿರದಿದ್ದರೆ ವಿಶ್ವವಿದ್ಯಾಲಯ ಕೊಟ್ಟ ತಾತ್ಕಾಲಿಕ ಪ್ರಮಾಣಪತ್ರ ಕೈಯಲ್ಲಿರಲಿ.